ಮೇಳಕ್ಕೆ ಬಂಡೂರು ಕುರಿ ಒಯ್ಯುವ ಮೊದಲು

ಪ್ರಶ್ನೆ: ನಾವು ಮಳವಳ್ಳಿ ತಾಲ್ಲೂಕಿನವರು. ಮನೆಯಲ್ಲಿ 32 ಬಂಡೂರು ಕುರಿ, 2 ಟಗರು ಇವೆ. ನೋಡಿಕೊಳ್ಳುವುದೆಲ್ಲ ನಮ್ಮವ್ವ. ಈ ಸಲ ಮಂಡ್ಯದ ವಿ.ಸಿ. ಫಾರಂ ಕೃಷಿ ಮೇಳದಲ್ಲಿ ಮಳಿಗೆ ಹಾಕೋಣ ಅಂತಿದ್ದೇನೆ. ಹಿಂದೊಮ್ಮೆ ಒಂದು ಮೇಳ ನೋಡೋಕೆ ಹೋಗಿದ್ದಾಗ ಡಾರ್ಪರ್ ಅನ್ನುವ ವಿದೇಶಿ ತಳಿಯ ಟಗರಿನ ಸುತ್ತ ಜನವೋ ಜನ. ಪಕ್ಕದಲ್ಲೇ ಇದ್ದ ಬಂಡೂರು ಕುರಿಯನ್ನು ಯಾರೂ ತಿರುಗಿ ನೋಡಲಿಲ್ಲ. ನಮ್ಮ ತಳಿಗೂ ಹೆಸರು ಬರಬೇಕಾದರೆ ಏನು ಮಾಡಬೇಕು? ಚೆನ್ನಾಗಿ ಮೇಯಿಸಿದ ದೊಡ್ಡ ಟಗರು ಒಂದನ್ನು ಒಯ್ದರೆ ಸಾಕೇ? ಮೈಕ್ ಹಿಡಿದು ಮಾತಾಡೋಕೆ ಯಾರನ್ನಾದರೂ ಗೊತ್ತು ಮಾಡಬೇಕೇ?

ಉತ್ತರ: ದೊಡ್ಡ ಟಗರು ಒಂದನ್ನೇ ಒಯ್ಯಬೇಡಿ. ಆ ತಪ್ಪು ನಾನೇ ಮಾಡಿದ್ದೇನೆ, ಅದಕ್ಕೇ ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸತು. ನಮ್ಮ ವ್ಯಾಪ್ತಿಯ ರೈತರೊಬ್ಬರ ಟಗರನ್ನು ಆರಿಸಿಕೊಂಡೆವು. ಎರಡು ತಿಂಗಳು ಮುಸುಕಿನ ಜೋಳದ ನುಚ್ಚು, ಕಡ್ಲೆಕಾಯಿ ಹಿಂಡಿ, ಹುರುಳಿ ಹಾಕಿ ಮೇಯಿಸಿದೆವು. ಮೇಳದ ದಿನ ಮೈ ತೊಳೆದು, ಚೆಂಡು ಹೂವಿನ ಹಾರ ಹಾಕಿ ನಿಲ್ಲಿಸಿದೆವು. ಜನ ಬಂದರು. ಕೇಳಿದ್ದು ಎರಡೇ ಮಾತು: ಎಷ್ಟು ಕೆಜಿ? ಎಷ್ಟು ರೇಟು? ಉತ್ತರ ಕೇಳಿಕೊಂಡು ಮುಂದಿನ ಮಳಿಗೆಗೆ ಹೋದರು. ಜೊತೆ ಇಲ್ಲದ ಟಗರು ದಿನವಿಡೀ ಅರಚಿತು. ಮಧ್ಯಾಹ್ನದ ಹೊತ್ತಿಗೆ ಹಾರವನ್ನೂ ತಿಂದು ಮುಗಿಸಿತ್ತು, ಕುತ್ತಿಗೆಯಲ್ಲಿ ಉಳಿದದ್ದು ದಾರ ಮಾತ್ರ. ಮೂರು ದಿನದಲ್ಲಿ ಸಾಕೋಕೆ ಬಂಡೂರು ಮರಿ ಎಲ್ಲಿ ಸಿಗುತ್ತೆ ಅಂತ ಕೇಳಿದವರು ಒಬ್ಬರೂ ಇಲ್ಲ.

ಆಮೇಲೆ ಅರ್ಥವಾಯಿತು. ತೂಕದ ಪಂದ್ಯಕ್ಕೆ ಬಂಡೂರು ಕುರಿಯನ್ನು ಇಳಿಸಿದವರೇ ನಾವು. ಆ ಪಂದ್ಯದಲ್ಲಿ ಅದು ಸೋಲಲೇಬೇಕು. ಬೆಳೆದ ಡಾರ್ಪರ್ ಟಗರು ನೂರು ಕೆಜಿ ಆಸುಪಾಸು ತೂಗುತ್ತದೆ. ನಮ್ಮ ಬಂಡೂರು ಟಗರು ಸಾಧಾರಣವಾಗಿ 35 ಕೆಜಿ, ಹೆಣ್ಣು ಕುರಿ 23–25 ಕೆಜಿ. ಚೆನ್ನಾಗಿ ಮೇಯಿಸಿದರೆ ಇನ್ನಷ್ಟು ಮೇಲೆ ಹೋಗುತ್ತದೆ, ಆದರೂ ಡಾರ್ಪರ್ ಪಕ್ಕ ನಿಂತರೆ ಮರಿ ಹಾಗೇ ಕಾಣುತ್ತದೆ. ಹಾಗಾಗಿ ನಿಮ್ಮ ಮಳಿಗೆಗೆ ಬಂದವನು ‘ಎಷ್ಟು ಕೆಜಿ’ ಅಂತ ಕೇಳುವ ಮೊದಲೇ ಅವನ ಕೈ ಕುರಿಯ ಬೆನ್ನ ಮೇಲೆ ಇರಬೇಕು. ಬಂಡೂರು ಕುರಿ ಕಣ್ಣಿಗೆ ಕಾಣುವುದಕ್ಕಿಂತ ಕೈಗೆ ಚೆನ್ನಾಗಿ ಸಿಗುವ ಪ್ರಾಣಿ.

ಕೈಗೆ ಸಿಗುವುದು ಅಂದರೆ ಏನು ಅಂತ ನಿಮಗೆ ಗೊತ್ತು, ಆದರೆ ಮೇಳಕ್ಕೆ ಬರುವ ತುಮಕೂರಿನವನಿಗೋ ಬೆಂಗಳೂರಿನವನಿಗೋ ಗೊತ್ತಿರುವುದಿಲ್ಲ. ಅವನಿಗೆ ತೋರಿಸಿ. ಕಡೆಯ ಪಕ್ಕೆಲುಬು ಮುಗಿದು ಸೊಂಟದ ಮೂಳೆ ಶುರುವಾಗುವ ಮೊದಲು ಅಂಗೈ ಅಗಲದ ಜಾಗ ಇದೆ. ಅಲ್ಲಿ ಹೆಬ್ಬೆರಳನ್ನು ಬೆನ್ನುಮೂಳೆ ಮೇಲಿಟ್ಟು, ಉಳಿದ ಬೆರಳುಗಳನ್ನು ಪಕ್ಕಕ್ಕೆ ಇಳಿಬಿಟ್ಟು ಮೆಲ್ಲಗೆ ಒತ್ತಬೇಕು. ಬಡಕಲು ಕುರಿಯಾದರೆ ಮೂಳೆಯ ತುದಿ ಬಾಚಣಿಗೆ ಹಲ್ಲಿನ ಹಾಗೆ ಚುಚ್ಚುತ್ತದೆ. ಬರೀ ಕೊಬ್ಬು ಬೆಳೆಸಿದ ಕುರಿಯಾದರೆ ಮೆತ್ತಗೆ ಹಿಟ್ಟಿನ ಹಾಗೆ ಒಳಗೆ ಹೋಗುತ್ತದೆ. ಒಳ್ಳೆಯ ಬಂಡೂರು ಕುರಿಯಲ್ಲಿ ಬೆರಳಿಗೆ ಗಟ್ಟಿ ಮಾಂಸ ತಾಗುತ್ತದೆ, ಬೆನ್ನು ಚಪ್ಪಟೆಯಾಗಿ ಅಗಲವಾಗಿ ಇರುತ್ತದೆ. ಆಮೇಲೆ ಅವನನ್ನು ಹಿಂದೆ ಕರೆದುಕೊಂಡು ಹೋಗಿ ತೊಡೆ ತೋರಿಸಿ. ಕುದುರೆ ಲಾಳವನ್ನು ಬಾಯಿ ಕೆಳಗೆ ಮಾಡಿ ನೆಲಕ್ಕೆ ಊರಿದ ಹಾಗೆ ಕಾಣಬೇಕು. ಎರಡು ತೊಡೆ ಕೆಳಗಿನವರೆಗೂ ತುಂಬಿಕೊಂಡು, ನಡುವೆ ಅಗಲವಾದ ಸಂದಿ. ಕಾಲು ಗಿಡ್ಡ. ಈ ಆಕಾರವೇ ಬಂಡೂರು ತಳಿಯ ಗುರುತು, ಮಾಂಸದ ತಳಿ ಅಂತ ಅದಕ್ಕೆ ಹೆಸರು ಬಂದಿರುವುದೂ ಇದರಿಂದಲೇ.

ಇದನ್ನು ತೋರಿಸೋಕೆ ಜಾಗ ಬೇಕಲ್ಲ. ಮೇಳದಲ್ಲಿ ಕುರಿಯನ್ನು ನೆಲದ ಮೇಲೆ ಕಟ್ಟಿದರೆ ನೋಡುವವನು ಮೇಲಿಂದ ಬಗ್ಗಿ ನೋಡುತ್ತಾನೆ. ಗಿಡ್ಡ ಕುರಿ ಇನ್ನೂ ಗಿಡ್ಡ ಕಾಣುತ್ತದೆ. ಒಂದೂವರೆ ಎರಡು ಅಡಿ ಎತ್ತರದ ಗಟ್ಟಿ ಅಟ್ಟ ಹಾಕಿಸಿ. ಕುರಿಯ ಬೆನ್ನು ನೋಡುವವನ ಸೊಂಟದ ಮಟ್ಟಕ್ಕೆ ಬರುತ್ತದೆ, ಬಗ್ಗದೆ ಮುಟ್ಟಬಹುದು. ಹಲಗೆ ನುಣ್ಣಗಿದ್ದರೆ ಕಾಲು ಜಾರುತ್ತದೆ, ಮೇಲೆ ಗೋಣಿಚೀಲ ಹೊಡೆದು ರಾಗಿ ಹುಲ್ಲು ಹರಡಿ. ಒಂದು ಕುರಿಗೆ 10–12 ಚದರ ಅಡಿ ಜಾಗ ಇರಲಿ, ಟಗರಿಗೆ ಅದಕ್ಕಿಂತ ಜಾಸ್ತಿ. ಖರ್ಚು ಜಾಸ್ತಿ ಅನಿಸಿದರೆ ಫ್ಲೆಕ್ಸ್ ಬ್ಯಾನರಿನ ದುಡ್ಡು ಉಳಿಸಿ ಅಟ್ಟಕ್ಕೆ ಹಾಕಿ. ಬ್ಯಾನರ್ ನೋಡಿ ಕುರಿ ಕೊಂಡವನನ್ನು ನಾನಂತೂ ಕಂಡಿಲ್ಲ.

ಒಯ್ಯಬೇಕಾದದ್ದು ಒಂದು ಸಂಸಾರವನ್ನು. ನಿಮ್ಮ ಎರಡು ಟಗರಿನಲ್ಲಿ ಒಂದು, ಅದರ ಮರಿ ಹಾಕಿರುವ ಎರಡು ಮೂರು ಕುರಿ, ಆರೇಳು ತಿಂಗಳ ಅದೇ ಮರಿಗಳು ಎರಡು. ಅಷ್ಟು ಸಾಕು. ಇದು ಅಪ್ಪ, ಇದು ಅವ್ವ, ಇದು ಮಗಳು ಅಂತ ತೋರಿಸಿದಾಗ ತಳಿ ಅನ್ನುವ ಮಾತಿಗೆ ಅರ್ಥ ಬರುತ್ತದೆ. ಒಂದೇ ಟಗರು ನಿಲ್ಲಿಸಿದರೆ ಅದು ಬರೀ ಟಗರು. ಗಬ್ಬ ಆಗಿ ಮೂರೂವರೆ ನಾಲ್ಕು ತಿಂಗಳಾದ ಕುರಿಯನ್ನು ಖಂಡಿತ ಒಯ್ಯಬೇಡಿ. ಕುರಿಯ ಗಬ್ಬದ ಕಾಲ ಸುಮಾರು 150 ದಿನ, ಕಡೆಯ ಒಂದೂವರೆ ತಿಂಗಳಲ್ಲಿ ಪ್ರಯಾಣ, ಜನರ ಗದ್ದಲ ಎರಡೂ ಅದಕ್ಕೆ ಆಗದು. ಹಾಲು ಕುಡಿಯುವ ಮರಿಯೂ ಬೇಡ, ಎಷ್ಟೇ ಮುದ್ದಾಗಿರಲಿ. ಮಕ್ಕಳೆಲ್ಲ ಅದನ್ನೇ ಎತ್ತಿಕೊಳ್ಳಬೇಕು ಅಂತಾರೆ, ಸಂಜೆಗೆ ಮರಿ ಸೊರಗಿ ಹೋಗಿರುತ್ತದೆ.

ಈಗ ಹೆಸರಿನ ಗೋಜಲು. ನಾವು ಬಂಡೂರು ಅನ್ನುತ್ತೇವೆ, ಮಳವಳ್ಳಿ ತಾಲ್ಲೂಕಿನ ಆ ಊರಿನಿಂದ ಬಂದ ಹೆಸರು. ಬೆಂಗಳೂರಿನ ಮಟನ್ ಅಂಗಡಿಗಳ ಬೋರ್ಡಿನಲ್ಲಿ ಬನ್ನೂರು ಕುರಿ ಅಂತ ಇರುತ್ತದೆ, ಯಾಕೆಂದರೆ ಕುರಿ ಸಂತೆಗೆ ಬರುತ್ತಿದ್ದದ್ದು ಬನ್ನೂರಿಗೆ. ಸರ್ಕಾರದ ತಳಿ ಪಟ್ಟಿಯಲ್ಲಿ ಹುಡುಕಿದರೆ ಮಂಡ್ಯ ತಳಿ ಅಂತ ಸಿಗುತ್ತದೆ. ಮೂರೂ ಒಂದೇ. ನಿಮ್ಮ ಬೋರ್ಡಿನಲ್ಲಿ ಮೂರು ಹೆಸರನ್ನೂ ಬರೆಯಿರಿ, ದೊಡ್ಡದಾಗಿ. ‘ಬನ್ನೂರು ಕುರಿ ಕೇಳಿದ್ದೇನೆ, ಇದ್ಯಾವುದು ಬಂಡೂರು?’ ಅಂತ ಮುಂದೆ ಹೋಗುವವರು ಅಲ್ಲೇ ನಿಲ್ಲುತ್ತಾರೆ.

ಬೋರ್ಡಿನ ಕೆಳಗೆ ಇನ್ನೊಂದು ವಿಷಯ ಬರಬೇಕು. ಅಸಲಿ ಬಂಡೂರು ಗುರುತಿಸುವುದು ಹೇಗೆ? ಮೈ ಬಿಳಿ. ಕೆಲವಕ್ಕೆ ಮುಖ ತಿಳಿ ಕಂದು, ಆ ಬಣ್ಣ ಕುತ್ತಿಗೆವರೆಗೂ ಇಳಿಯಬಹುದು. ಕಿವಿ ಉದ್ದ, ಎಲೆ ಹಾಗೆ ಜೋತುಬಿದ್ದಿರುತ್ತದೆ. ಬಾಲ ಗಿಡ್ಡ, ತೆಳ್ಳಗೆ. ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಮೈಮೇಲೆ ಉಣ್ಣೆಗಿಂತ ಒರಟು ಕೂದಲೇ ಜಾಸ್ತಿ. ಗಂಟಲ ಕೆಳಗೆ ಎರಡು ಜೋಲು ಮಾಂಸ ಬಹಳಷ್ಟು ಕುರಿಗಳಲ್ಲಿ ಇರುತ್ತದೆ. ಆದರೆ ದಲ್ಲಾಳಿಗಳು ಹಬ್ಬಿಸಿರುವ ಹಾಗೆ ಆ ಜೋಲು ಇದ್ದರೆ ಮಾತ್ರ ಅಸಲಿ ಅನ್ನುವುದು ಸುಳ್ಳು. ಅದು ಮೇಕೆಗೂ ಇರುತ್ತದೆ, ಬೆರಕೆ ಕುರಿಗೂ ಇರುತ್ತದೆ. ಜೋಲು ನೋಡಿ ದುಡ್ಡು ಕೊಟ್ಟು, ಆಮೇಲೆ ಉದ್ದ ಕಾಲಿನ, ಚೂಪು ಬೆನ್ನಿನ ಮರಿ ಬೆಳೆದಾಗ ತಲೆ ಮೇಲೆ ಕೈ ಹೊತ್ತವರು ಬೇಕಾದಷ್ಟು ಜನ ಇದ್ದಾರೆ. ಒಂದು ಬೆರಕೆ ಕುರಿಯ ಫೋಟೊ, ಒಂದು ಅಸಲಿಯ ಫೋಟೊ, ಎರಡನ್ನೂ ಹಿಂದಿನಿಂದ ತೆಗೆದು ಅಕ್ಕಪಕ್ಕ ಅಂಟಿಸಿ. ಇದಕ್ಕಿಂತ ಒಳ್ಳೆಯ ಪ್ರಚಾರ ಬೇರೆ ಬೇಡ. ಬಂಡೂರು ಹೆಸರಿಗೆ ಕೆಡುಕು ಮಾಡಿದ್ದು ಡಾರ್ಪರ್ ಅಲ್ಲ ಸ್ವಾಮಿ, ಬಂಡೂರು ಅಂತ ಹೇಳಿ ಮಾರಿದ ಬೆರಕೆ.

ಅಸಲಿ ಅನ್ನುವುದಕ್ಕೆ ಸಾಕ್ಷಿ ಬೇಕು, ಅದು ನೋಟ್‌ಬುಕ್. ನಿಮ್ಮ ಅವ್ವನಿಗೆ ಯಾವ ಕುರಿ ಯಾವಾಗ ಈಯಿತು ಅಂತ ಬಾಯಲ್ಲೇ ಗೊತ್ತಿರುತ್ತದೆ, ಅನುಮಾನವೇ ಇಲ್ಲ. ಅದನ್ನು ಇವತ್ತೇ ಕೂತು ಬರೆದುಕೊಳ್ಳಿ. ಕುರಿಯ ಕಿವಿಯೋಲೆ ನಂಬರು, ತಾಯಿ, ತಂದೆ, ಹುಟ್ಟಿದ ದಿನ, ಹುಟ್ಟಿದಾಗ ತೂಕ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ತೂಕ, ಹಾಕಿಸಿದ ಲಸಿಕೆ. ನೋಟ್‌ಬುಕ್ಕಿನಲ್ಲಿ ಇಷ್ಟೇ ಕಾಲಂ. ಕೊಕ್ಕೆ ಇರುವ ತೂಗು ತಕ್ಕಡಿ, ಅದಕ್ಕೊಂದು ಗೋಣಿಚೀಲದ ಜೋಳಿಗೆ ಕಟ್ಟಿದರೆ ಮರಿ ತೂಗೋಕೆ ಸಾಕು. ಆ ತಕ್ಕಡಿಯನ್ನು ಮೇಳಕ್ಕೂ ಒಯ್ದು, ದಿನಕ್ಕೆ ಎರಡು ಸಲ ಜನರ ಎದುರೇ ಮರಿ ತೂಗಿ. ಕಣ್ಣಂದಾಜಿನಲ್ಲಿ ವ್ಯಾಪಾರ ಮಾಡಿ ಮಾಡಿ ಬೇಸತ್ತ ಜನ ತಕ್ಕಡಿ ಕಂಡರೆ ನಿಲ್ಲುತ್ತಾರೆ. ವಯಸ್ಸು ಕೇಳಿದರೆ ಬಾಯಿ ಬಿಡಿಸಿ ಹಲ್ಲು ತೋರಿಸಿ. ಹಾಲುಹಲ್ಲು ಯಾವುದು, ಎರಡು ಹಲ್ಲು ಅಂದರೆ ಸುಮಾರು ಒಂದರಿಂದ ಒಂದೂವರೆ ವರ್ಷ, ನಾಲ್ಕು ಹಲ್ಲು ಅಂದರೆ ಎರಡು ವರ್ಷದ ಆಜುಬಾಜು, ಇವೆಲ್ಲ ಸಾಕುವವರಿಗೆ ಗೊತ್ತು, ಸಾಫ್ಟ್‌ವೇರ್ ಕೆಲಸ ಬಿಟ್ಟು ಕುರಿ ಸಾಕೋಕೆ ಹೊರಟವರಿಗೆ ಗೊತ್ತಿಲ್ಲ. ಈಗ ಮೇಳಗಳಲ್ಲಿ ಅವರೇ ಜಾಸ್ತಿ.

ತಳಿಯ ಕೊರತೆಯನ್ನೂ ನೀವೇ ಹೇಳಿ. ಬಂಡೂರು ನಿಧಾನವಾಗಿ ಬೆಳೆಯುವ ಕುರಿ. ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ. ‘ಅವಳಿ ಹಾಕುತ್ತಾ?’ ಅಂತ ದಿನಕ್ಕೆ ನೂರು ಸಲ ಕೇಳುತ್ತಾರೆ, ನಾರಿ ಸುವರ್ಣದ ಪ್ರಭಾವ ಅದು. ಮಹಾರಾಷ್ಟ್ರದ ಫಲ್ಟಣದಲ್ಲಿ ಬಂಗಾಳದ ಗರೋಲ್ ಕುರಿಯ ಅವಳಿ ಗುಣವನ್ನು ದಖ್ಖನಿ ಕುರಿಗೆ ತಂದು ಮಾಡಿದ ತಳಿ ಅದು. ಅವಳಿಯೇ ಬೇಕಾದವನನ್ನು ನೇರವಾಗಿ ಆ ಮಳಿಗೆಗೆ ಕಳಿಸಿ. ನೂರಿನ್ನೂರು ಕುರಿ ಹಾಕಿ ಬೇಗ ತೂಕ ಬರಿಸಿ ಮಾರುವ ಲೆಕ್ಕ ಇರುವವನಿಗೂ ಬಂಡೂರು ಒಗ್ಗುವುದಿಲ್ಲ. ಹಿತ್ತಲಲ್ಲಿ ಐದಾರು ಕುರಿ ಕಟ್ಟಿಕೊಂಡು, ಕಬ್ಬಿನ ಸೋಗೆ, ಅಗಸೆ ಸೊಪ್ಪು, ಬದುವಿನ ಹುಲ್ಲು ಹಾಕಿ ಸಾಕುವವನಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಮೈ ಚಿಕ್ಕದು, ಮೇವು ಕಡಿಮೆ, ಮನೆಯ ಹೆಂಗಸರು ಒಬ್ಬರೇ ಹಿಡಿದು ಮದ್ದು ಕುಡಿಸಬಹುದು. ಆಮೇಲೆ ಮಾಂಸಕ್ಕೆ ಒಳ್ಳೆಯ ರೇಟು. ಹೀಗೆ ಬೇಡದವನನ್ನು ಮೊದಲೇ ಕಳಿಸಿಬಿಟ್ಟರೆ ಬೇಕಾದವನ ಜೊತೆ ಕೂತು ಮಾತಾಡೋಕೆ ಹೊತ್ತು ಸಿಗುತ್ತದೆ. 2019ರ ಜಾನುವಾರು ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಸುಮಾರು 1 ಕೋಟಿ 11 ಲಕ್ಷ ಕುರಿ ಇದ್ದವು, ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಾವೇ. ಆದರೆ ಒಂದೊಂದು ಕಡೆಗೆ ಒಂದೊಂದು ತಳಿ. ಕೊಪ್ಪಳ, ರಾಯಚೂರು ಕಡೆಯವನಿಗೆ ಕೆಂಗುರಿ ತಳಿ ಇದೆ, ಬಾಗಲಕೋಟೆಯವನಿಗೆ ಎಳಗ ತಳಿ ಇದೆ. ಅವರಿಗೆಲ್ಲ ಬಂಡೂರು ಮಾರಬೇಕು ಅನ್ನುವ ಆಸೆ ನಿಮಗೆ ಬೇಡ.

ಡಾರ್ಪರ್ ಟಗರಿಗೆ ಬಂಡೂರು ಹೆಣ್ಣು ಕಟ್ಟಿಸುತ್ತೇನೆ ಅನ್ನುವವರೂ ಬರುತ್ತಾರೆ. ಜಗಳ ಆಡಬೇಡಿ. ಆದರೆ ನಿಮ್ಮ ಒಳ್ಳೆಯ ಹೆಣ್ಣು ಕುರಿ ಅವರಿಗೆ ಕೊಡಲೂಬೇಡಿ. ಒಳ್ಳೆಯ ಬಂಡೂರು ಹೆಣ್ಣು ಇರುವುದೇ ಕಡಿಮೆ, ಅದು ಬೆರಕೆ ಮರಿ ಹಾಕುತ್ತಾ ಕೂತರೆ ಅಸಲಿ ಮರಿ ಹಾಕುವವರು ಯಾರು?

ಮಾಂಸದ ರುಚಿಯ ಬಗ್ಗೆ ನಾನೇನು ಹೇಳಲಿ, ನೀವು ಮಂಡ್ಯದವರು. 2024ರ ಡಿಸೆಂಬರ್‌ನಲ್ಲಿ ನಿಮ್ಮೂರಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಅಂತ ಎದ್ದ ಕೂಗು ಇಡೀ ರಾಜ್ಯಕ್ಕೇ ಕೇಳಿಸಿತ್ತು ಅಲ್ವಾ. ಬಂಡೂರು ಮಾಂಸದಲ್ಲಿ ಕೊಬ್ಬು ಎಳೆಎಳೆಯ ನಡುವೆ ಸೇರಿಕೊಂಡಿರುತ್ತದೆ, ಅದಕ್ಕೇ ಮೆದು, ಅದಕ್ಕೇ ರುಚಿ. ಅಷ್ಟು ಹೇಳಿ ನಿಲ್ಲಿಸಿ. ಕೊಲೆಸ್ಟ್ರಾಲ್ ಇಲ್ಲ, ಹೃದಯಕ್ಕೆ ಒಳ್ಳೆಯದು ಅಂತೆಲ್ಲ ಬೋರ್ಡು ಬರೆಸಬೇಡಿ. ಅದನ್ನು ಓದಿದ ಡಾಕ್ಟರು ಯಾರಾದರೂ ಎದುರು ನಿಂತರೆ ನಿಮ್ಮ ಉಳಿದ ಮಾತೂ ಸುಳ್ಳಾಗುತ್ತದೆ. ಸಾರು ಮಾಡಿ ರುಚಿ ತೋರಿಸುವ ಆಸೆ ಇದ್ದರೆ ಮೇಳದವರ ಒಪ್ಪಿಗೆ ಮೊದಲೇ ಕೇಳಿ, ಆಹಾರ ಮಳಿಗೆಗಳ ಕಡೆ ಬೇರೆ ಜಾಗದಲ್ಲಿ ಮಾಡಿ. ಜೀವಂತ ಕುರಿ ಪಕ್ಕದಲ್ಲಿ ಒಗ್ಗರಣೆ ವಾಸನೆ ಬಂದರೆ ನೋಡುವವರಿಗೆ ಮುಜುಗರ. ಸುತ್ತೂರು ಜಾತ್ರೆಯ ಕೃಷಿ ಮೇಳದಂಥ ಕಡೆಗೆ ಹೋದರೆ ಅಡುಗೆ ಮಾತೇ ಎತ್ತಬೇಡಿ, ಅದು ಮಠದ ಜಾತ್ರೆ.

ಇನ್ನು ರೋಗದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮೇಳ ಅಂದರೆ ಹತ್ತು ತಾಲ್ಲೂಕಿನ ಕುರಿ, ಮೇಕೆ ಒಂದೇ ಚಪ್ಪರದಡಿ ಉಸಿರಾಡುವ ಜಾಗ. ಪಿಪಿಆರ್, ನಮ್ಮವರು ಹಿರೇಬೇನೆ ಅನ್ನುವ ರೋಗ, ಹರಡೋಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ವೈರಸ್ ಮೈಗೆ ಹೊಕ್ಕು ನಾಲ್ಕರಿಂದ ಆರು ದಿನಕ್ಕೆ ಜ್ವರ, ಮೂಗಿನಲ್ಲಿ ಸಿಂಬಳ, ಬಾಯಿ ಹುಣ್ಣು, ಭೇದಿ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಮೇಳ ಮುಗಿದು ಕುರಿ ಮನೆಗೆ ಬಂದಿರುತ್ತದೆ. ಆ ಹಾರ ತಿಂದ ಟಗರಿನ ಕತೆ ಇನ್ನೂ ಇದೆ. ಮೇಳದಿಂದ ಬಂದವನೇ ಅದನ್ನು ನೇರ ರೊಪ್ಪಕ್ಕೆ ಬಿಡಿಸಿದೆ. ವಾರದೊಳಗೆ ಟಗರು ಮಂಕಾಯಿತು, ಹದಿನೈದು ದಿನದಲ್ಲಿ ಆ ಮನೆಯ ಒಂಬತ್ತು ಮರಿ ಸತ್ತವು. ರೈತರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಲಸಿಕೆ ಹಾಕಿಸದೆ ಒಯ್ದಿದ್ದೂ ನಾನೇ, ಬೇರೆ ಕಟ್ಟಿಸದೆ ಬಿಡಿಸಿದ್ದೂ ನಾನೇ.

ಹಾಗಾಗಿ ಇಡೀ ಹಿಂಡಿಗೆ, ಒಯ್ಯುವ ಕುರಿಗೆ ಮಾತ್ರ ಅಲ್ಲ, ಪಿಪಿಆರ್ ಲಸಿಕೆ ಆಗಿರಬೇಕು. ಒಮ್ಮೆ ಹಾಕಿಸಿದರೆ ಮೂರು ವರ್ಷ ರಕ್ಷಣೆ. ಆಗಿಲ್ಲದಿದ್ದರೆ ಮೇಳಕ್ಕೆ ಮೂರು ವಾರ ಮೊದಲೇ ಹಾಕಿಸಿ, ಹಿಂದಿನ ದಿನ ಹಾಕಿಸಿದರೆ ಪ್ರಯೋಜನ ಇಲ್ಲ. ಕರುಳುಬೇನೆ ಲಸಿಕೆಯೂ ಆಗಿರಲಿ. ಮೇಳದಲ್ಲಿ ಅದರ ಭಯ ಬೇರೆ ರೀತಿಯದು. ಜನ ಪ್ರೀತಿಯಿಂದ ಬಿಸ್ಕತ್ತು, ಬಾಳೆಹಣ್ಣು, ಅನ್ನ, ಚುರುಮುರಿ ಕೊಡುತ್ತಾರೆ. ಹಿಟ್ಟಿನ ಪದಾರ್ಥ ಜಾಸ್ತಿಯಾದರೆ ರಾತ್ರಿ ಹೊಟ್ಟೆ ಉಬ್ಬರ, ಬೆಳಿಗ್ಗೆ ಕುರಿ ಮಲಗಿದಲ್ಲೇ. ‘ತಿನ್ನಲು ಏನೂ ಕೊಡಬೇಡಿ’ ಅಂತ ಬೋರ್ಡು ಹಾಕಿದರೆ ಯಾರೂ ಓದುವುದಿಲ್ಲ. ಒಂದು ಕಟ್ಟು ಸೊಪ್ಪು ನೀವೇ ಇಟ್ಟುಕೊಂಡು, ಕೊಡಬೇಕು ಅನ್ನುವ ಮಕ್ಕಳ ಕೈಗೆ ಒಂದೊಂದು ಎಲೆ ಕೊಡಿ. ಕೆಲಸ ಮುಗಿಯಿತು. ಮೇವು ಮನೆಯದೇ ಒಯ್ಯಿರಿ, ಒಂದು ದಿನದ್ದು ಜಾಸ್ತಿ ಇರಲಿ. ನೀರಿಗೆ ನಿಮ್ಮದೇ ಬಕೆಟ್ಟು. ಊರಿನ ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಬರೆಸಿಕೊಳ್ಳಿ, ಮೇಳದವರು ಕೇಳಲಿ ಬಿಡಲಿ. ಬಂದ ಮೇಲೆ ಮೂರು ವಾರ ಆ ಕುರಿಗಳನ್ನು ಬೇರೆ ಕಟ್ಟಿ, ಅವಕ್ಕೆ ಮೇವು ಹಾಕುವುದು ಉಳಿದವಕ್ಕೆ ಹಾಕಿ ಆದ ಮೇಲೆ.

ಗೊರಸು ಕತ್ತರಿಸುವುದಿದ್ದರೆ ಮೇಳಕ್ಕೆ ಒಂದು ವಾರ ಮೊದಲೇ ಕತ್ತರಿಸಿ, ಹಿಂದಿನ ದಿನ ಕತ್ತರಿಸಿ ರಕ್ತ ಬಂದರೆ ಕುಂಟುವ ಕುರಿ ನಿಲ್ಲಿಸಬೇಕಾಗುತ್ತದೆ. ಮೈ ತೊಳೆಯುವುದು ಎರಡು ದಿನ ಮೊದಲು, ಬಿಸಿಲಲ್ಲಿ. ಮಧ್ಯಾಹ್ನ ಒಂದು ತಾಸು ಮಳಿಗೆಗೆ ಪರದೆ ಎಳೆದು ಕುರಿಗಳಿಗೆ ಮೆಲುಕು ಹಾಕೋಕೆ ಬಿಡಿ. ನೀವೂ ಊಟ ಮಾಡಿ.

ಒಬ್ಬರೇ ಹೋಗಬೇಡಿ ಅನ್ನುವುದು ನನ್ನ ಇನ್ನೊಂದು ಮಾತು. ಕಿರುಗಾವಲು ಸುತ್ತಮುತ್ತ ಅಸಲಿ ಸಾಕಿರುವ ನಾಲ್ಕೈದು ಮನೆ ಸೇರಿ ಒಂದೇ ಮಳಿಗೆ ಹಾಕಿ. ಖರ್ಚು ಹಂಚಿಹೋಗುತ್ತದೆ ಅನ್ನುವುದು ಸಣ್ಣ ಲಾಭ. ದೊಡ್ಡ ಲಾಭ ಬೇರೆ. ಹೊಸಬ ಯಾರೋ ಹತ್ತು ಹೆಣ್ಣು, ಒಂದು ಗಂಡು ಕೇಳಿದರೆ ಎಲ್ಲವನ್ನೂ ಒಂದೇ ಮನೆಯಿಂದ ಕೊಟ್ಟರೆ ಅಣ್ಣ ತಂಗಿಯನ್ನೇ ಕೊಟ್ಟ ಹಾಗೆ. ಎರಡು ತಲೆಮಾರಿಗೆ ಮರಿ ಕುಗ್ಗುತ್ತವೆ, ಬಂಡೂರು ಸರಿಯಿಲ್ಲ ಅಂತ ಅವನು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಹೆಣ್ಣು ನಿಮ್ಮದು, ಟಗರು ಪಕ್ಕದ ಮನೆಯದು ಕೊಡಿ. ನಿಮ್ಮ ನಿಮ್ಮಲ್ಲೂ ಎರಡು ವರ್ಷಕ್ಕೊಮ್ಮೆ ಟಗರು ಬದಲಾಯಿಸಿಕೊಳ್ಳಿ. ಧನಗೂರಿನ ಸರ್ಕಾರಿ ಕುರಿ ತಳಿ ಕೇಂದ್ರ ನಿಮ್ಮ ತಾಲ್ಲೂಕಿನಲ್ಲೇ ಇದೆ, ಮೇಳಕ್ಕೆ ಮೊದಲು ಅಲ್ಲಿಗೊಮ್ಮೆ ಹೋಗಿ ನಿಮ್ಮ ಕುರಿಯ ಫೋಟೊ, ನೋಟ್‌ಬುಕ್ ತೋರಿಸಿ ಬನ್ನಿ. ಅಲ್ಲಿನವರು ಇದು ಅಸಲಿ, ಇದು ಬೇಡ ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಬೇಡ ಅಂದದ್ದನ್ನು ಮೇಳಕ್ಕೆ ಒಯ್ಯಬೇಡಿ.

ಟಿವಿಯವರು ಬರುತ್ತಾರೆ. ‘ಈ ಟಗರಿಗೆ ಎಷ್ಟು ಲಕ್ಷ?’ ಅಂತ ಮೈಕ್ ಹಿಡಿಯುತ್ತಾರೆ. ಬಕ್ರೀದ್ ಹತ್ತಿರ ಇದ್ದರೆ ಇನ್ನೂ ಜಾಸ್ತಿ. ದೊಡ್ಡ ಸಂಖ್ಯೆ ಹೇಳೋಕೆ ನಾಲಿಗೆ ತುರಿಸುತ್ತದೆ, ಹೇಳಬೇಡಿ. ಆ ಸುದ್ದಿ ನೋಡಿ ಬರುವವರು ಸಾಕುವವರಲ್ಲ, ಒಂದೇ ವರ್ಷದಲ್ಲಿ ಶ್ರೀಮಂತರಾಗುವ ಕನಸಿನವರು. ಅವರ ಹಿಂದೆಯೇ ಬೆರಕೆ ಮಾರುವವರು, ಅವರ ಹಿಂದೆ ರಾತ್ರಿ ರೊಪ್ಪದ ಬೇಲಿ ಕತ್ತರಿಸುವವರು. ಮರಿಗೆ ಇಷ್ಟು, ಎರಡು ಹಲ್ಲಿನ ಹೆಣ್ಣಿಗೆ ಇಷ್ಟು ಅಂತ ನೀವು ನಿಜವಾಗಿ ಮಾರುವ ಬೆಲೆಯನ್ನೇ ಬರೆದು ತೂಗುಹಾಕಿ.

ಆದರೆ ಮೇಳದಲ್ಲಿ ಕುರಿ ಮಾರಬೇಡಿ. ಒಯ್ದದ್ದನ್ನೆಲ್ಲ ವಾಪಸ್ ತನ್ನಿ. ಬೇಕು ಅಂದವರ ಹೆಸರು, ಊರು, ಫೋನ್ ನಂಬರು, ಎಷ್ಟು ಜಾಗ, ಯಾವ ಮೇವು ಇದೆ ಅನ್ನುವುದನ್ನು ಬರೆದುಕೊಳ್ಳಿ. ತಿಂಗಳಾದ ಮೇಲೆ ಒಂದು ಭಾನುವಾರ ಗೊತ್ತು ಮಾಡಿ ಮನೆಗೆ ಕರೆಯಿರಿ. ಅಷ್ಟರೊಳಗೆ ಬೇರೆ ಕಟ್ಟಿದ ಮೂರು ವಾರವೂ ಮುಗಿದಿರುತ್ತದೆ. ಇನ್ನೂರು ಜನ ಬರೆಸಿದರೆ ಹತ್ತು ಜನ ಬರಬಹುದು. ಆ ಹತ್ತು ಜನರಲ್ಲಿ ನಾಲ್ವರು ಕುರಿ ಒಯ್ದರೂ ನಿಮ್ಮ ಮಳಿಗೆ ಗೆದ್ದ ಹಾಗೆ. ಒಯ್ದವರಿಗೆ ನಿಮ್ಮ ನೋಟ್‌ಬುಕ್ಕಿನ ಆ ಪುಟದ ನಕಲು ಕೊಡಿ, ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಮರಿ ಎಷ್ಟು ತೂಗಿತು ಅಂತ ಕೇಳಿ ನಿಮ್ಮದರಲ್ಲೂ ಬರೆದುಕೊಳ್ಳಿ. ಮುಂದಿನ ವರ್ಷದ ಮೇಳಕ್ಕೆ ಅದೇ ನಿಮ್ಮ ಬ್ಯಾನರ್.

ಕಡೆಯದಾಗಿ ಮೈಕಿನ ಪ್ರಶ್ನೆ. ಯಾರನ್ನೂ ಗೊತ್ತು ಮಾಡಬೇಡಿ, ಅವ್ವನನ್ನು ಕರೆದುಕೊಂಡು ಹೋಗಿ. ಯಾವ ಕುರಿ ಯಾವ ಸೊಪ್ಪು ಬಿಟ್ಟು ಯಾವುದನ್ನು ತಿನ್ನುತ್ತದೆ, ಮಳೆಗಾಲದಲ್ಲಿ ಮರಿಯನ್ನು ಹೇಗೆ ಬೆಚ್ಚಗಿಡುವುದು ಅಂತ ಕೇಳಿದರೆ ನೀವು ತಡವರಿಸುತ್ತೀರಿ, ಅವರು ತಡವರಿಸುವುದಿಲ್ಲ. ಅದರಲ್ಲೂ ಹೆಂಗಸರು ಬಂದು ಅವರನ್ನೇ ಹುಡುಕಿ ಮಾತಾಡುತ್ತಾರೆ, ಹಿತ್ತಲಲ್ಲಿ ಕುರಿ ಸಾಕುವವರು ಅವರೇ ತಾನೇ. ಮನೆಯಲ್ಲಿ ಉಳಿದ ಕುರಿಗಳಿಗೆ ಆ ಮೂರು ನಾಲ್ಕು ದಿನ ಯಾರು ಅನ್ನುವುದನ್ನು ಮೊದಲು ಗೊತ್ತು ಮಾಡಿ, ಇಲ್ಲದಿದ್ದರೆ ಅವ್ವ ಬರೋಕೆ ಒಪ್ಪುವುದೇ ಇಲ್ಲ. ಅವರಿಗೆ ಕೂರೋಕೆ ಮನೆಯಿಂದಲೇ ಒಂದು ಕುರ್ಚಿ ಒಯ್ಯಿರಿ. ಮಳಿಗೆಯಲ್ಲಿ ಕೊಡುವ ಎರಡು ಕುರ್ಚಿಯಲ್ಲಿ ಒಂದರ ಕಾಲು ಮುರಿದೇ ಇರುತ್ತದೆ.